ಗಿಡ್ಡ ಬೆಂಚು

ಬೆಂಚಿನ ಯಜಮಾನರಾದ ಅಪ್ಪನಿಗೆ,

ಅಕ್ಕನ ಮನೆಯಲ್ಲಿ ಆರಾಮಾಗಿದ್ದೀರಿ ತಾನೆ? ಮೊದಲು ಬೈದುಬಿಡಿ, ಆಮೇಲೆ ಓದಿ. ಮುಟ್ಟಬೇಡ ಎಂದು ನೀವು ಹೇಳಿದ್ದ ಅಜ್ಜನ ಮರಗೆಲಸದ ಬೆಂಚನ್ನು ಎತ್ತರಿಸಿದ್ದೇನೆ.

ಬಗ್ಗಿ ಬಗ್ಗಿ ಹಲಗೆ ಕೀಸಿ ನನ್ನ ಸೊಂಟ ಹಿಡಿದುಕೊಂಡಿತ್ತು. ಡಾಕ್ಟರು, "ಬೆನ್ನಿಗೇನೂ ಆಗಿಲ್ಲಮ್ಮ, ನಿಮ್ಮ ಬೆಂಚು ಗಿಡ್ಡ ಅಷ್ಟೇ" ಎಂದು ನಕ್ಕರು. ನೀವಾಗಿದ್ದರೆ, "ಲೈಟುಕಂಬದ ಹಾಗೆ ಬೆಳೆದವಳು ನೀನು, ಬೆಂಚಿಂದೇನು ತಪ್ಪು?" ಅಂತಿದ್ದಿರಿ.

ಕಾಲಿಗೆ ಕೂಡಿಸಲು ಮರ ಹುಡುಕುತ್ತ ನಿಮ್ಮ ಪೆಟ್ಟಿಗೆ ತಡಕಿದೆ. ತಳದಲ್ಲಿ, ಹಗ್ಗ ಕಟ್ಟಿದ ನಾಲ್ಕು ತುಂಡುಗಳು, ಒಂದೊಂದೂ ಅರ್ಧ ಗೇಣು. ಬೆಂಚು ಮಗುಚಿ, ತುಂಡನ್ನು ಕಾಲಿಗೆ ಹಿಡಿದು ನೋಡಿದರೆ ಅದೇ ಮರ, ಅದೇ ಗರಗಸದ ಗುರುತು! ಅಪ್ಪಾ, ನಿಮ್ಮ ಎತ್ತರಕ್ಕೆ ಸರಿಹೋಗಲೆಂದು ಅಜ್ಜನ ಬೆಂಚಿನ ಕಾಲು ಕತ್ತರಿಸಿದ್ದು ನೀವೇನಾ? ಇಷ್ಟು ವರ್ಷ ತುಂಡುಗಳನ್ನು ಬಿಸಾಡದೆ ಇಟ್ಟುಕೊಂಡಿದ್ದಿರಲ್ಲ, ಅದಕ್ಕೆ ಮಾಫಿ.

ಗೂಟ ಬಡಿದು, ಅಂಟು ಹಾಕಿ ಕೂಡಿಸಿದೆ. ನೆಟ್ಟಗೆ ನಿಂತರೆ ಅಂಗೈ ಸರಿಯಾಗಿ ಬೆಂಚಿನ ಮೇಲೆ ಕೂರುತ್ತದೆ. ಅಜ್ಜನನ್ನು ನಾನು ನೋಡಿಲ್ಲ. ಎಷ್ಟೆತ್ತರ ಇದ್ದರೆಂದು ಈಗ ಗೊತ್ತಾಯಿತು.

ನೀವು ನಿಲ್ಲಲು ಅರ್ಧ ಗೇಣೆತ್ತರದ ಮಣೆ ಮಾಡಿಟ್ಟಿದ್ದೇನೆ. ಬೇಗ ಬನ್ನಿ. ದೊಡ್ಡ ಗರಗಸ ಎಲ್ಲಿ ಎಂದು ಮಾತ್ರ ಕೇಳಬೇಡಿ, ಬಚ್ಚಿಟ್ಟಿದ್ದೇನೆ.

ಇಂತಿ,
ನಿಮ್ಮ ಲೈಟುಕಂಬ