ಹಳದಿ ಬಕೆಟ್

ಅಪ್ಪಾ,

ನೀನು ಹೋದ ಮೇಲೆ ಶುರುಮಾಡಿದ್ದ ನಮ್ಮ ಬೀದಿಯ ಪುಟ್ಟ ಮಾದರಿ ಕೊನೆಗೂ ಮುಗಿಯಿತು. ಕೂತು ಕೂತು ಬೆನ್ನು ಬಿದ್ದುಹೋಗಿದೆ. ಇಡೀ ಬೀದಿ ಒಂದು ಮೇಜಿನ ಮೇಲಿದೆ: ಬೆಂಕಿಪೊಟ್ಟಣದಷ್ಟು ಬೇಕರಿ, ಅದರೊಳಗೆ ಅಕ್ಕಿಕಾಳಿನಷ್ಟು ಬನ್ನುಗಳು, ಅದರ ಗೋಡೆಯ ಮೇಲೆ ಮೇರಿತಾಯಿಯ ಚಿತ್ರ, ನಮ್ಮನೆ ಮುಂದೆ ನಿನ್ನ ನೀಲಿ ಟ್ರಕ್ಕು.

ಇವತ್ತು ಅದನ್ನು ನೋಡಲು ಲಾಸ್ ಏಂಜಲೀಸಿನ ನಮ್ಮ ಮೆಕ್ಸಿಕನ್ ಕೇರಿಯೆಲ್ಲ ಲೈಬ್ರರಿಗೆ ಬಂದಿತ್ತು. ಎದುರುಮನೆಯ ಚೋಲೆ ಅಜ್ಜಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು.

"ಎಲ್ಲಾ ಸರಿ ಕಣೇ, ಬಕೆಟ್ ಎಲ್ಲಿ?"

"ಯಾವ ಬಕೆಟ್ ಅಜ್ಜಿ?"

"ಅಯ್ಯೋ, ಕಾರಿಗೆ ಜಾಗ ಹಿಡಿಯೋಕೆ ನಿಮ್ಮಪ್ಪ ಇಡ್ತಿದ್ನಲ್ಲ, ಹಳದೀದು! ಭಾನುವಾರ ಬಂತು ಅಂದ್ರೆ ತನ್ನ ಟ್ರಕ್ಕನ್ನ ಮೂಲೇಲಿ ನಿಲ್ಸಿ, ಮನೆ ಮುಂದೆ ಅದನ್ನಿಡೋನು. ಯಾರಾದ್ರೂ ಮುಟ್ಟಿದ್ರೆ ಜಗಳಕ್ಕೇ ಬರೋನು. 'ಮಗಳು ಬಂದ್ರೆ ಎಲ್ಲಿ ನಿಲ್ಲಿಸ್ತಾಳೆ?' ಅಂತ. ನೀನೋ ಮಹಾರಾಣಿ, ಬರಲೇ ಇಲ್ಲ."



ನಾವಿಬ್ಬರೂ ಜಗಳವಾಡಿ ಮಾತು ಬಿಟ್ಟ ಮರುವರ್ಷ, ಒಂದು ಭಾನುವಾರ, ಬಂದಿದ್ದೆ ಅಪ್ಪಾ. ಬೀದಿ ತುಂಬ ಕಾರುಗಳು. ಮನೆ ಮುಂದೆ ಮಾತ್ರ ಬಕೆಟ್ ಇತ್ತು. ಬೇರೆ ಯಾರಿಗೋ ಜಾಗ ಹಿಡಿದಿದ್ದೀಯ ಅಂದುಕೊಂಡೆ. ಎರಡು ಸುತ್ತು ಹೊಡೆದು ಹೊರಟುಹೋದೆ.

ಈಗ ಪೆನ್ನಿನ ಮುಚ್ಚಳದ ತುದಿ ಕತ್ತರಿಸಿ ಬಕೆಟ್ ಮಾಡಿ, ಹಳದಿ ಬಳಿದಿದ್ದೇನೆ. ನಿನ್ನ ಟ್ರಕ್ಕನ್ನು ಮೂಲೆಗೆ ಸರಿಸಿ, ಮನೆ ಮುಂದೆ ಅದನ್ನು ಇಟ್ಟಿದ್ದೇನೆ. ಅಂಟಿಸಿಲ್ಲ. ಬಂದವಳು ಕಾರಿಂದ ಇಳಿದು ಅದನ್ನು ಪಕ್ಕಕ್ಕೆ ಎತ್ತಿಡಬೇಕಲ್ಲ.