ಮೀಟರಿನಲ್ಲಿ ನಲವತ್ತೇಳು

ಜುಲೈ 3, ಬೆಳಿಗ್ಗೆ 7.10

ಗುಬ್ಬಿಯ ಕೋಣೆ 74. ನಡುಮನೆ 77. ಅಡುಗೆಮನೆ 81. ಬಚ್ಚಲಿಗೆ ತೇವದ ಮೀಟರ್ ಒಯ್ಯಲಿಲ್ಲ. ಸುಮ್ಮನೆ ಹೊಟ್ಟೆ ಉರಿಸಿಕೊಳ್ಳುವುದು ಯಾಕೆ.

ಉಪ್ಪು ಗಡ್ಡೆ ಕಟ್ಟಿದೆ. ಮೊನ್ನೆ ಒಗೆದ ಸಾಕ್ಸ್ ಇನ್ನೂ ಒದ್ದೆ. ಬೆಂಕಿಕಡ್ಡಿ ಗೀರಿ ಗೀರಿ ಅಮ್ಮನ ಕೈ ಸೋತಿತು. ಗುಬ್ಬಿಗೆ ಎದ್ದಾಗಿನಿಂದ ಎದೆಯಲ್ಲಿ ಗೊರಗೊರ. ಎಂಟು ವರ್ಷದ ಮಗಳು, ಶೂ ಲೇಸ್ ಕಟ್ಟಿಕೊಳ್ಳುವಷ್ಟರಲ್ಲಿ ಏದುಸಿರು. ಕೆಮ್ಮು, ಶಾಲೆಗೆ ಹೊರಡುವವರೆಗೆ ಹನ್ನೊಂದು.

ಇದೆಲ್ಲ ಬರೆಯುತ್ತಿರುವುದು ಡಾಕ್ಟರ್ ಹೇಳಿದ್ದಕ್ಕೆ. "ಮನೇಲಿ ತೇವ ಜಾಸ್ತಿ ಇರೋ ಹಾಗಿದೆ. ಐವತ್ತರ ಆಸುಪಾಸು ಇಟ್ಕೊಳ್ಳಿ. ಕೆಮ್ಮು ದಿನಕ್ಕೆ ಎಷ್ಟು ಸಲ ಬರುತ್ತೆ, ಬರೆದಿಡಿ." ಮೀಟರ್ ಅಂಗಡಿಯದು. ನನ್ನ ಕೆಲಸವೇ ತೇವದ ಜೊತೆ ಗುದ್ದಾಟ — ಕ್ಯಾಮೆರಾ ಲೆನ್ಸಿಗೆ ಹಿಡಿದ ಬೂಷ್ಟು ತೆಗೆಯುವುದು, ಗಾಜಿನ ಬೀರುವಿನಲ್ಲಿ ಒಣಗಿಸಿ ಇಡುವುದು. ಹದಿನೆಂಟು ವರ್ಷ. ಆ ಬೀರುವಿನ ಮುಳ್ಳು ನಲವತ್ತೈದು ಬಿಟ್ಟು ಅಲ್ಲಾಡಿಲ್ಲ. ಕಂಡವರ ಲೆನ್ಸುಗಳು ನಲವತ್ತೈದರಲ್ಲಿ ಸುಖವಾಗಿವೆ. ನನ್ನ ಮಗಳು ಎಪ್ಪತ್ತನಾಲ್ಕರಲ್ಲಿ.

ಜುಲೈ 6, ಭಾನುವಾರ

ತೇವ ಹೀರುವ ಮಷೀನು ಬಂತು. ಸೆಕೆಂಡ್ ಹ್ಯಾಂಡ್, ಆದರೆ ಚೆನ್ನಾಗಿ ಗುಂಯ್ ಅನ್ನುತ್ತದೆ. ಗುಬ್ಬಿಯ ಕೋಣೆಯಲ್ಲಿಟ್ಟೆ. ಮೇಲಿನ ಶೆಲ್ಫಿನಲ್ಲಿ ಮೀಟರ್. ಕಿಟಕಿಯ ಸಂದಿಗೆಲ್ಲ ಟೇಪು, ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ, ಮೇಲಿನ ಗವಾಕ್ಷಿಗೆ ರಟ್ಟು. ಅಂಗಡಿಯ ಬೀರುವಿಗೆ ಮಾಡಿದ ಹಾಗೇ, ಒಂದು ಕೂದಲೂ ನುಸುಳಬಾರದು.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಕಿಟಕಿ ತೆಗೆದಿಡೋ. ಉಸಿರು ಕಟ್ಟುತ್ತೆ."

"ಅಮ್ಮಾ, ಹೊರಗೆ ಮಳೆ. ತೆಗೆದ್ರೆ ತೇವ ಎಲ್ಲಾ ಒಳಗೇ ಬರುತ್ತೆ."

"ನೀನು ಹುಟ್ಟಿದ್ದೂ ಮಳೆಗಾಲದಲ್ಲೇ. ಕಿಟಕಿ ತೆಗೆದೇ ಇತ್ತು."

ಟೇಪು ಇನ್ನೊಂದು ಸುತ್ತು ಹಾಕಿದೆ.

ಜುಲೈ 8

47!! ಕೆಮ್ಮು ಆರು. ಮಷೀನಿನ ತೊಟ್ಟಿಯಲ್ಲಿ ಎರಡು ಚೊಂಬು ನೀರು. ಹೆಂಡತಿಗೆ ತೋರಿಸಿದೆ. ಬ್ರೆಡ್ ಫ್ಯಾಕ್ಟರಿಯ ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು, ಕಣ್ಣು ಎಳೆಯುತ್ತಿತ್ತು. "ಒಳ್ಳೇದಾಯ್ತು" ಎಂದಳು. ಅಷ್ಟೇ. ಒಂದು ಚಪ್ಪಾಳೆಗೂ ಗತಿಯಿಲ್ಲ ಈ ಮನೆಯಲ್ಲಿ.

ಜುಲೈ 11

47. ಕೆಮ್ಮು ಮೂರು.

ಆದರೆ ನಡುಮನೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದಾರೆ. ಒಂದು ಕಡೆ ನಾನು ನೀರು ಹೀರಿಸುವುದು, ಇನ್ನೊಂದು ಕಡೆ ಇವರು ಸುರಿಯುವುದು. ಕೇಳಿದೆ. "ಮತ್ತೆ ನಿನ್ನ ತಲೆ ಮೇಲೆ ಒಣಗಿಸ್ಲಾ?" ಎಂದಳು ಹೆಂಡತಿ. ಗುಬ್ಬಿ ನಕ್ಕಳು. ನನಗೆ ನಗು ಬರಲಿಲ್ಲ.

ಸಂಜೆ ಬಂದಾಗ ಗುಬ್ಬಿಯ ಕಿಟಕಿಯ ಟೇಪು ಸೊಟ್ಟಗಿತ್ತು. ಕಿತ್ತು ಮತ್ತೆ ಅಂಟಿಸಿದ್ದಾರೆ. ಅಮ್ಮನೇ. ಮೊಮ್ಮಗಳು ಕೆಮ್ಮಿದಳಂತೆ, ಗಾಳಿ ಬರಲಿ ಅಂತ ತೆಗೆದಳಂತೆ. ಕೂಗಾಡಿದೆ. "ನಿಮಗೆಲ್ಲ ಆ ಮಗು ಬೇಕೋ ಬೇಡವೋ" ಎಂಬ ಮಾತೂ ಬಾಯಿಂದ ಬಿತ್ತು. ಅಮ್ಮ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದಳು. ಗುಬ್ಬಿ ಬಾಗಿಲ ಮರೆಯಲ್ಲಿ ನಿಂತಿದ್ದಳು, ಯಾವಾಗಿನಿಂದಲೋ ಗೊತ್ತಿಲ್ಲ.

ಜುಲೈ 13

46. ಕೆಮ್ಮು ಸೊನ್ನೆ.

ಸೊನ್ನೆ! ಬೆಳಿಗ್ಗೆಯಿಂದ ರಜೆಯ ದಿನ ಪೂರ್ತಿ ಮನೆಯಲ್ಲೇ ಇದ್ದು ಎಣಿಸಿದ್ದು. ಗುಬ್ಬಿಯನ್ನು ಎತ್ತಿಕೊಂಡು ಮೂರು ಸುತ್ತು ತಿರುಗಿಸಿದೆ. ಅಮ್ಮನ ಎದುರಿಗೆ ಪುಸ್ತಕ ಹಿಡಿದೆ. ನೋಡಲಿಲ್ಲ. ಬೇಡ ಬಿಡಿ. ಅಂಕಿಗೆ ಸುಳ್ಳು ಹೇಳಲು ಬರುವುದಿಲ್ಲ.

ಜುಲೈ 19

ಆರು ದಿನ ಬರೆಯಲಿಲ್ಲ. ಬರೆಯುವ ಸ್ಥಿತಿಯಲ್ಲಿ ಇರಲಿಲ್ಲ.

ಹದಿನಾಲ್ಕರ ಮಧ್ಯಾಹ್ನ ಶಾಲೆಯಿಂದ ಫೋನು. ಉಸಿರು ಸಿಗುತ್ತಿಲ್ಲ, ತುಟಿ ನೀಲಿಯಾಗಿದೆ. ನಾನು ಹೋಗುವಷ್ಟರಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಆ ಪುಟ್ಟ ಮುಖದ ಮೇಲೆ ಮುಖಕ್ಕಿಂತ ದೊಡ್ಡ ಮಾಸ್ಕು. ಕುತ್ತಿಗೆಯ ಗುಂಡಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ನಾಲ್ಕು ದಿನ.

ಡಾಕ್ಟರ್ ಪುಸ್ತಕ ಕೇಳಿದರು. ಪುಟ ತಿರುವಿದರು. ಹದಿಮೂರಕ್ಕೆ ಬಂದು ನಿಂತರು. "ಹಿಂದಿನ ದಿನ ಸೊನ್ನೆಯಾ?" ಎಂದರು. ಹೌದೆಂದೆ. ಮುಚ್ಚಿ ವಾಪಸ್ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಡಿಸ್ಚಾರ್ಜ್ ಆದ ಮೇಲೆ ಹೆಂಡತಿ ಮನೆಗೆ ಬರಲಿಲ್ಲ. ಗುಬ್ಬಿಯನ್ನು ಕರೆದುಕೊಂಡು ಸೀದಾ ತನ್ನ ಅಕ್ಕನ ಮನೆಗೆ. ಆಟೋ ಹತ್ತುವಾಗ ಹೇಳಿದ್ದು ಒಂದೇ ಮಾತು.

"ಮನೆ ಸರಿ ಮಾಡು, ಕರ್ಕೊಂಡ್ ಬರ್ತೀನಿ. ಮೀಟರ್ ಅಲ್ಲ, ಮನೆ."

ಜುಲೈ 21

ಪೇಂಟರ್ ಬಂದ. ಗುಬ್ಬಿಯ ಕೋಣೆಯ ಬಣ್ಣ ಬೊಬ್ಬೆ ಎದ್ದಿತ್ತು, ಅದಕ್ಕೆ ಕರೆಸಿದ್ದು. ಬಟ್ಟೆಯ ಕಪಾಟು ಗೋಡೆಗೆ ಒತ್ತಿ ನಿಂತಿದೆ, ಹೊರಗಿನ ಗೋಡೆ ಅದು. ಇಬ್ಬರೂ ಹಿಡಿದು ಎಳೆದೆವು.

ಹಿಂದೆ ಗೋಡೆ ಇರಲಿಲ್ಲ. ಕಪ್ಪು ಇತ್ತು. ನೆಲದಿಂದ ನನ್ನ ಎದೆಯವರೆಗೆ, ಮುಟ್ಟಿದರೆ ಪುಡಿ. ಲೆನ್ಸಿನ ಮೇಲೆ ಸೂಜಿಮೊನೆಯಷ್ಟು ಕಂಡರೂ ಹಿಡಿಯುವವನು ನಾನು! ಮಗಳ ಹಾಸಿಗೆಯಿಂದ ಎರಡು ಮೊಳ ದೂರ.

"ಮೀಟರ್ ಎಲ್ಲಿಟ್ಟಿದ್ರಿ ಸಾರ್?"

ತೋರಿಸಿದೆ. ಮಷೀನಿನ ಒಣಗಾಳಿ ಹೊರಗೆ ಬರುವ ಬಾಯಿಯ ಮೇಲೆ ಸರಿಯಾಗಿ. ಅವನು ಅದನ್ನು ತೆಗೆದು ಆ ಗೋಡೆಯ ಮೂಲೆಯಲ್ಲಿಟ್ಟು ಬೀಡಿ ಸೇದಲು ಹೊರಗೆ ಹೋದ. ಬಂದು ನೋಡಿದಾಗ 88.

"ಮಷೀನು ತನ್ನ ಗಾಳೀನ ತಾನೇ ಅಳ್ಕೊಂಡು ಬೆನ್ನು ತಟ್ಕೊಂಡಿದೆ" ಎಂದ.

ಅಂಗಡಿಯ ಬೀರು ಒಂದು ಮೊಳ ಅಗಲ, ಮೀಟರ್ ಎಲ್ಲಿಟ್ಟರೂ ಒಂದೇ ಎಂದೆ. ಗಾಳಿ ಆಡದ ಹಾಗೆ ಮುಚ್ಚಿದರೇ ಮುಳ್ಳು ನಿಲ್ಲುವುದು ಎಂದೆ. ಹದಿನೆಂಟು ವರ್ಷದ ಅನುಭವ ಎಂದೂ ಎಂದೆ. ಅವನು ಗೋಡೆ ಕೆರೆಯುತ್ತಲೇ ಇದ್ದ.

"ಲೆನ್ಸು ಉಸಿರಾಡಲ್ಲ ಸಾರ್. ನೀವು ನಾಲ್ಕು ಜನ ಉಸಿರಾಡ್ತೀರಿ. ಅನ್ನ ಬೇಯ್ಸ್ತೀರಿ, ಬಿಸಿನೀರು ಹುಯ್ಕೊಳ್ತೀರಿ, ಬಟ್ಟೆ ಒಣಗಿಸ್ತೀರಿ. ಆ ಹಬೆಯೆಲ್ಲ ಎಲ್ಲಿಗೆ ಹೋಗ್ಬೇಕು? ತಣ್ಣಗಿರೋ ಗೋಡೆ ಹುಡುಕ್ಕೊಂಡು ಹೋಗಿ ಕೂತಿದೆ."

ಅಮ್ಮ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ಆ ಬೂಷ್ಟಿನ ವಾಸನೆ ಹದಿನೈದು ದಿನದಿಂದ ಬರುತ್ತಿತ್ತಂತೆ. "ಮತ್ತೆ ಹೇಳ್ಲಿಲ್ಲ ಯಾಕೆ?" ಎಂದೆ. "ಹೇಳೋ ಹಾಗಿತ್ತಾ?" ಎಂದಳು.

ಜುಲೈ 22

ಟೇಪು ಕೀಳುತ್ತಿದ್ದೇನೆ. ಅಂಟಿಸುವಾಗ ಅರ್ಧ ಗಂಟೆ, ಕೀಳಲು ಇಡೀ ದಿನ. ಉಗುರು ಕಿತ್ತುಬಂತು. ಟೇಪಿನ ಜೊತೆ ಬಣ್ಣವೂ ಬಂತು. ಅಮ್ಮ ಪಕ್ಕದಲ್ಲಿ ಕೂತು ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಕೊಡುತ್ತಿದ್ದಾಳೆ. "ನಾನು ಹೇಳಿರ್ಲಿಲ್ವಾ" ಅನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಅದು ಇನ್ನೂ ಚುಚ್ಚುತ್ತಿದೆ.

ಜುಲೈ 24

ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ತಂದೆ. ಗೋಡೆಯ ತೂತಿಗಿಂತ ಒಂದಿಂಚು ದೊಡ್ಡದು. ವಾಪಸ್ ಒಯ್ದೆ. ಕೊಟ್ಟದ್ದು ಒಂದಿಂಚು ಚಿಕ್ಕದು. ನಡುವಿನ ಸೈಜು ಕಂಪನಿಯವರು ಮಾಡುವುದೇ ಇಲ್ಲವಂತೆ. ಹಾಗಾದರೆ ಈ ತೂತು ಕೊರೆದ ಮಹಾನುಭಾವ ಯಾರು? ಸುತ್ತ ಹಲಗೆ ಕೊಟ್ಟು ಕೂರಿಸಿದೆ. ಟಕಟಕ ಸದ್ದು. ಇರಲಿ, ಹಬೆ ಹೊರಗೆ ಹೋಗುತ್ತಿದೆ.

ಕಪಾಟು ಈಗ ಗೋಡೆಯಿಂದ ಒಂದು ಗೇಣು ಈಚೆ. ಬಟ್ಟೆ ಬಾಲ್ಕನಿಯಲ್ಲಿ, ಶೀಟಿನ ಕೆಳಗೆ. ಮಳೆ ನಿಂತಾಗೆಲ್ಲ ಅಮ್ಮ ಓಡಿ ಕಿಟಕಿ ತೆಗೆಯುತ್ತಾಳೆ, ಶುರುವಾದರೆ ಓಡಿ ಹಾಕುತ್ತಾಳೆ. ಮೂಲೆಯಲ್ಲಿ ಮೀಟರ್ 63. ಐವತ್ತಕ್ಕೆ ಇನ್ನೂ ಎಷ್ಟು ದೂರ! ಇಷ್ಟಕ್ಕೆ ಒಪ್ಪುತ್ತಾಳಾ ಹೆಂಡತಿ?

ಜುಲೈ 27, ಭಾನುವಾರ

ಗುಬ್ಬಿಯನ್ನು ನೋಡಲು ಹೋದೆ. ಜೇಬಿನಲ್ಲಿ ಮೀಟರ್. ಹೌದು, ಒಯ್ದೆ. ಯಾರಿಗೂ ಕಾಣದ ಹಾಗೆ ಅವರ ಟಿವಿ ಹಿಂದೆ ಇಟ್ಟೆ. 66. ನಮ್ಮ ಮನೆಗಿಂತ ಹೆಚ್ಚು! ಹೆಂಡತಿಗೆ ಹೇಳಬೇಕೆಂದು ನಾಲಿಗೆ ತುದಿಯವರೆಗೆ ಬಂತು.

ಅಷ್ಟರಲ್ಲಿ ಗುಬ್ಬಿ ಕೆಮ್ಮಿದಳು. ಊಟದ ನಡುವೆ, ಬಾಯಿ ತುಂಬಾ, ಗಟ್ಟಿಯಾಗಿ. ಯಾರೂ ತಿರುಗಿ ನೋಡಲಿಲ್ಲ. ದೊಡ್ಡಮ್ಮ ನೀರಿನ ಲೋಟ ಮುಂದೆ ತಳ್ಳಿದರು, ಅಷ್ಟೇ. ನನ್ನ ಕೈ ಮಾತ್ರ ಜೇಬಿಗೆ, ಪೆನ್ನಿಗೆ ಹೋಯಿತು.

"ಅಪ್ಪಾ, ಇಲ್ಲಿ ಬರೀಬೇಡ."

"ಯಾಕೆ ಪುಟ್ಟೀ?"

"ಇಲ್ಲಿ ಕೆಮ್ಮಿದ್ರೆ ಯಾರಿಗೂ ಬೈಯಲ್ಲ."

ಆಮೇಲೆ ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಹೇಳಿದಳು. ಮನೆಯಲ್ಲಿ ಕೆಮ್ಮು ಬಂದರೆ ದಿಂಬು ಕಚ್ಚಿಕೊಳ್ಳುತ್ತಿದ್ದಳಂತೆ. ನಾನಿರುವಾಗ ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದಳಂತೆ. "ನೀನು ಬರೀತೀಯ, ಆಮೇಲೆ ಅಜ್ಜಿ ಮೇಲೆ ಕೂಗಾಡ್ತೀಯ. ಅವತ್ತು ಸೊನ್ನೆ ಮಾಡ್ದೆ. ಎಷ್ಟೊಂದು ನಕ್ಕೆ ನೀನು."

ಸೊನ್ನೆ ಮಾಡಿದಳಂತೆ. ನನಗಾಗಿ. ಉಸಿರು ಕಟ್ಟಿಕೊಂಡು. ಅದಾದ ಮರುದಿನವೇ ಆಸ್ಪತ್ರೆ.

ಬಸ್ಸಿನಲ್ಲಿ ಬರುವಾಗ ಅತ್ತುಬಿಟ್ಟೆ. ಪಕ್ಕದವರು ಕಿಟಕಿ ಕಡೆ ಜಾಗ ಬಿಟ್ಟುಕೊಟ್ಟರು. ನಾಚಿಕೆಯಾಯಿತು. ಅತ್ತಿದ್ದಕ್ಕಲ್ಲ.

ಜುಲೈ 28

ಗುಬ್ಬಿ ಹೇಳಿದ್ದನ್ನೆಲ್ಲ ಅಮ್ಮನಿಗೆ ಹೇಳಿದೆ. ತಪ್ಪಾಯ್ತು ಎಂದೂ ಹೇಳಿದೆ, ಆದರೆ ಫ್ಯಾನಿನ ಟಕಟಕದಲ್ಲಿ ಕೇಳಿಸಿತೋ ಇಲ್ಲವೋ. ಇನ್ನೊಂದು ಸಲ ಹೇಳುವ ಧೈರ್ಯ ಬರಲಿಲ್ಲ.

ಆಗಸ್ಟ್ 2

ಬಂದರು. ಹೆಂಡತಿ ಕಪಾಟಿನ ಹಿಂದೆ ಕೈ ಹಾಕಿ ಗೋಡೆ ಸವರಿದಳು, ಬೆರಳು ಮೂಸಿದಳು. "ಎರಡು ದಿನ ನೋಡ್ತೀನಿ" ಎಂದಳು. ಬ್ಯಾಗು ಬಿಚ್ಚಿಲ್ಲ. ಬಾಗಿಲ ಹತ್ತಿರವೇ ಇದೆ, ನಾನು ಹೋಗಿಬರುವಾಗಲೆಲ್ಲ ಎಡವುತ್ತಿದ್ದೇನೆ. ತೆಗೆದಿಡಲು ಹೇಳುವ ಹಕ್ಕು ನನಗಿಲ್ಲ.

ಆಗಸ್ಟ್ 3, ಮಧ್ಯಾಹ್ನ 3.40

ಮಳೆ ನಿಂತಿದೆ. ಕಿಟಕಿಗಳು ತೆಗೆದಿವೆ. ಮೂಲೆಯಲ್ಲಿ 58. ಗುಬ್ಬಿ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದಾಳೆ, ನಾನು ನಡುಮನೆಯಲ್ಲಿ. ಕೆಮ್ಮು ಎಣಿಸಬಾರದೆಂದು ನಿರ್ಧಾರ ಮಾಡಿದ್ದೇನೆ. ಡಾಕ್ಟರ್ ಕೇಳಿದರೆ ಗುಬ್ಬಿಯೇ ಹೇಳುತ್ತಾಳೆ. ಈ ದಿನಚರಿ ಬರೆಯುವುದು ಬೇರೆ ವಿಷಯ.

ಕೆಮ್ಮಿದಳು.

ಗಟ್ಟಿಯಾಗಿಯೇ. ಆಮೇಲೆ ಪೂರ್ತಿ ನಿಶ್ಶಬ್ದ. ಪೆನ್ಸಿಲಿನ ಸದ್ದೂ ಇಲ್ಲ. ಅಡುಗೆಮನೆಯಲ್ಲಿ ಅಮ್ಮನ ಸೌಟು ನಿಂತಿತು. ಹೆಂಡತಿ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. ಮೂವರೂ ನನ್ನ ಕುರ್ಚಿಯ ಸದ್ದಿಗೆ ಕಾಯುತ್ತಿದ್ದಾರೆ. ಏಳಲಿಲ್ಲ. ಏಳುವುದಿಲ್ಲ.

ಮತ್ತೆ ಕೆಮ್ಮು. ಇದು ಸ್ವಲ್ಪ ಚಿಕ್ಕದು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಾಳಾ?

"ಅಪ್ಪಾ, ಬರೀತಾ ಇದ್ದೀಯಾ?"

"ಇಲ್ಲ ಪುಟ್ಟೀ" ಎಂದೆ. ಪೆನ್ನು ಕೈಯಲ್ಲೇ ಇದೆ.

ಎದ್ದಳು. ನೋಡಲು ಇಲ್ಲಿಗೇ ಬರುತ್ತಿ—