ಮರದ ಹೊಟ್ಟಿನಲ್ಲಿ ನಾಲ್ವರು

ಶಂಭು,

ಯಲ್ಲಾಪುರ ರಸ್ತೆಯ ಮುಚ್ಚಿದ ಕಟ್ಟಿಗೆ ಮಿಲ್ಲಿನಲ್ಲಿ ನೀನು ಬಯಸಿದ್ದ ನಮ್ಮ ನಾಲ್ವರ ಕಲಾಪ್ರದರ್ಶನ ಕೊನೆಗೂ ಆಯಿತು. ದೊಡ್ಡ ಗರಗಸ ತುಕ್ಕು ಹಿಡಿದು ಇದ್ದಲ್ಲೇ ಇದೆ. ಅದರ ಮುಂದೆ ನಾವು ಒಬ್ಬೊಬ್ಬರಾಗಿ ಮಲಗಿದೆವು, ಉಳಿದವರು ಸುತ್ತ ಮರದ ಹೊಟ್ಟು ಸುರಿದರು. ಎದ್ದಾಗ ನೆಲದಲ್ಲಿ ಮೈಯ ಆಕಾರ ಮಾತ್ರ ಖಾಲಿ ಉಳಿಯುತ್ತಿತ್ತು. ದರ್ಶನ, ಕಸ್ತೂರಿ, ನಾನು, ಮೂವರೂ ದಿಮ್ಮಿಗಳ ಹಾಗೆ ನೆಟ್ಟಗೆ ಮಲಗಿದ್ದೆವು.

"ಶಂಭುಂದೂ ಒಂದು ಇರ್ಲಿ ಪದ್ಮಾ," ಎಂದ ದರ್ಶನ.

ನಿನ್ನದನ್ನು ನಾನೇ ಮಾಡಿದೆ. ಅಳತೆ ಬೇಕಾಗಲಿಲ್ಲ, ಕೈ ತಾನಾಗಿ ಹೋಯಿತು. ಮುಗಿಸಿ ನೋಡಿದರೆ ನೀನು ಈಗಷ್ಟೇ ಎದ್ದು ಹೊರಗೆ ಹೋದ ಹಾಗಿತ್ತು. ಒಂದೆರಡು ಸಲ ಬಾಗಿಲ ಕಡೆ ನೋಡಿದೆ.

ಇವತ್ತು ಬನವಾಸಿಯಿಂದ ನಿನ್ನ ಹೆಂಡತಿ ಬಂದಿದ್ದರು. ನೀನು ತೀರಿಕೊಂಡ ದಿನ ಅವರನ್ನು ದೂರದಿಂದ ನೋಡಿದ್ದೆ, ಅಷ್ಟೆ. ಮೂವರನ್ನು ದಾಟಿ ನೇರ ನಿನ್ನ ಹತ್ತಿರ ಹೋಗಿ ನಿಂತರು. ಎಡಗೈ ಕೆನ್ನೆಯಡಿ, ಒಂದು ಮೊಣಕಾಲು ಮಡಚಿ, ಗೋಡೆಯ ಕಡೆ ಹೊರಳಿದ್ದೆ ನೀನು.

"ಇವ್ರು ಹಿಂಗ ಮಲಗ್ತಿದ್ರು ಅಂತ ನಿಮಗ ಯಾರು ಹೇಳಿದ್ರು?"

"ಅಂದಾಜಿನ ಮೇಲೆ ಮಾಡಿದ್ದು," ಎಂದೆ. ಕಸ್ತೂರಿ ನನ್ನನ್ನೇ ನೋಡಿದಳು.

ಅವರು ಚಪ್ಪಲಿ ಬಿಟ್ಟು ಕುಕ್ಕರುಗಾಲಿನಲ್ಲಿ ಕೂತು, ಅಂಗೈಯಿಂದ ಹೊಟ್ಟು ಸರಿಸುತ್ತ ನಿನ್ನ ಮಡಚಿದ ಕಾಲನ್ನು ನೇರ ಮಾಡಿದರು. ಕೆನ್ನೆಯಡಿಯ ಕೈ ತೆಗೆದು ಪಕ್ಕಕ್ಕೆ ಇಟ್ಟರು. ಸೆರಗು ಕೊಡವಿ ಹೊರಟುಹೋದರು.

ಬೀಗ ಹಾಕುವ ಮೊದಲು ಒಮ್ಮೆ ತಿರುಗಿ ನೋಡಿದೆ. ನಾಲ್ವರೂ ನೆಟ್ಟಗೆ ಮಲಗಿದ್ದೆವು. ನಿನ್ನನ್ನು ಹುಡುಕಬೇಕಾಯಿತು.